ತಾಯಿಯ ಆಶೀರ್ವಾದಕ್ಕ ಬ್ರೇಕ್ ಹಿಡಿಯಂಗಿಲ್ಲ

ನಮ್ಮ ಪಿಕಪ್ ಗಾಡಿ ಮುಂದಿನ ಕಾಜಿನ ಮ್ಯಾಲ ದೊಡ್ಡ ಅಕ್ಷರದಾಗ 'ತಾಯಿಯ ಆಶೀರ್ವಾದ' ಅಂತ ಬರಸ್ಯಾರ. ತಾಯಿ ಅಂದ್ರ ನಾನು. ಮೊದಲ ನೋಡಿದಾಗ ಹಿಗ್ಗು ಆಗಿತ್ತು, ಸುಳ್ಳ ಯಾಕ ಹೇಳ್ಲಿ. ಈಗ ನೋಡಿದ್ರ ಸಿಟ್ಟು ಬರ್ತೈತಿ. ಆಶೀರ್ವಾದ ಬರಸಾಕ ರೊಕ್ಕ ಇತ್ತು, ಬ್ರೇಕ್ ಮಾಡಸಾಕ ಇರಲಿಲ್ಲ.

ಹೋದ ವರ್ಷ ಗಾಡಿಗೆ ಹಾಕಿದ ಖರ್ಚು ನನ್ನ ಲೆಕ್ಕದ ವಹಿಯೊಳಗ ಐತಿ. ಹೆಚ್ಚು ಭಾರ ಹೇರಾಕ ಹಿಂದ ಎರಡು ಪಾಟಾ, 11,000. ಹಾಡಿನ ಡಬ್ಬಿ, 8,500. ಬಣ್ಣದ ಲೈಟು, ಹಾರ್ನು, 6,000. ಮಿಸ್ತ್ರಿ ಆವಾಗ ಹೇಳಿದ್ದ, "ಹಿಂದಿನ ಲೈನರ್ ಸವದಾವ, ಬ್ರೇಕ್ ಆಯಿಲ್ ಕರ್ರಗಾಗೈತಿ, 9,000 ಆಗ್ತೈತಿ." ಅಪ್ಪ-ಮಗ ಇಬ್ಬರೂ ಕೂಡಿ "ಮುಂದಿನ ತಿಂಗಳ ನೋಡೂಣು" ಅಂದ್ರು. ನಾ ನಡುವ ಬಾಯಿ ಹಾಕಿದ್ರ ಮಗ ಅಂದ, "ಯವ್ವಾ, ನಿನಗ ಗಾಡಿದ್ದೇನ ತಿಳಿತೈತಿ? ನೀ ಒಳಗ ರೊಟ್ಟಿ ನೋಡು."

ನಾವು ಬೆಳಗಾವಿ ಕಡೆಯವರು. ಇಲ್ಲಿಂದ ಕಾಯಿಪಲ್ಯ ಗೋವಾಕ್ಕ ಹೋಗ್ತೈತಿ. ಜಾಂಬೋಟಿ, ಕಣಕುಂಬಿ ದಾಟಿದ ಮ್ಯಾಲ ಚೋರ್ಲಾ ಘಾಟ್. ಮಳಿಗಾಲದಾಗ ಒಂದಿನ ನಸುಕಿನ್ಯಾಗ ಮಗ ಕ್ಯಾಬೀಜು, ಟೊಮ್ಯಾಟೊ ಹೇರಿಕೊಂಡು ಇಳಿಯಾಕತ್ತಿದ್ದ. ಅರ್ಧ ಘಟ್ಟದಾಗ ಪೆಡಲ್ ಒತ್ತಿದ್ರ ಮೆತ್ತಗ ಒಳಗ ಹೋತಂತ. ಮತ್ತೊಮ್ಮೆ ಒತ್ತಿದ್ರೂ ಹಂಗ. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳದು, ಗುಡ್ಡದ ಕಡೆ ಮಣ್ಣಿಗೆ ಗಾಡಿ ತಿಕ್ಕಿ ನಿಲ್ಲಿಸ್ಯಾನ. ಇನ್ನೊಂದ ಕಡೆ ಕಣಿವಿ ಇತ್ತು. ಮನಿಗೆ ಬಂದಾಗ ಅವನ ಅಂಗಿಗೆ ಸುಟ್ಟ ವಾಸನಿ. ಅವತ್ತು ಉಣ್ಣಲಿಲ್ಲ, ಯಾರ ಕೂಡೂ ಮಾತಾಡಲಿಲ್ಲ.

ಇದಾದ ಮ್ಯಾಲರೆ ಬುದ್ಧಿ ಬಂದೀತು ಅಂದ್ರ, ಗೆಳ್ಯಾರು ಬಂದು ಹೇಳಿದ್ದೇನು? "ದೊಡ್ಡ ಬ್ರೇಕ್ ಕೂಡ್ರಿಸ್ರಿ, ಆಮ್ಯಾಲ ಮೂರು ಟನ್ ಹೇರಿದ್ರೂ ಚಿಂತಿಲ್ಲ." ನನ್ನ ಜಗಳ ಈ ಮಾತಿನ ಮ್ಯಾಲ. ಬ್ರೇಕ್ ಸುಧಾರಸೂದು ಜೀವ ಉಳಸಾಕೋ, ಭಾರ ಹೆಚ್ಚಿಗಿ ಹೇರಾಕೋ?

ನಾ ಪಿಯುಸಿ ಸೈನ್ಸ್ ಓದೀನಿ. ಆಮ್ಯಾಲ ಲಗ್ನಾತು, ಓದು ನಿಂತತು, ಲೆಕ್ಕ ಮರ್ತಿಲ್ಲ. ಬ್ರೇಕ್ ಅಂದ್ರ ಗಾಡಿ ಓಟಾನ ಬಿಸಿ ಮಾಡಿ ಗಾಳಿಗೆ ಬಿಡೂ ಸಾಧನ, ಅಷ್ಟ. ಕಾಯ್ದಿ ಪ್ರಕಾರ ತುಂಬಿದ ನಮ್ಮ ಗಾಡಿ ಸುಮಾರು ಮೂರು ಟನ್. ಅದು 700 ಮೀಟರ್ ಕೆಳಗ ಇಳಿದ್ರ ಹುಟ್ಟೂ ಶಾಖದಾಗ 65 ಲೀಟರ್ ತಣ್ಣೀರು ಕುದಿಯಾಕ ಬರ್ತೈತಿ. ಇನ್ನೊಂದೂವರೆ ಟನ್ ಹೆಚ್ಚಿಗಿ ಹೇರ್‍ರಿ, ಹೆಚ್ಚುಕಡಿಮಿ ನೂರು ಲೀಟರ್ ಆತು. ಸ್ವಲ್ಪ ಗಾಳಿ ನುಂಗತೈತಿ, ಸ್ವಲ್ಪ ಎಂಜಿನ್ ತಡೀತೈತಿ. ಉಳದದ್ದೆಲ್ಲಾ ನಾಕು ಗಾಲಿಯ ಬ್ರೇಕಿನ ತಲಿಮ್ಯಾಲ. ಜಳಕದ ಹಂಡೆ ಕಾಸೂ ಹೆಣ್ಮಗಳಿಗೆ ಇದು ತಿಳಿತೈತಿ, ಗಾಡಿ ಹೊಡಿಯೂ ಗಂಡಸಿಗೆ ತಿಳಿಯೂದಿಲ್ಲಂದ್ರ ಹೆಂಗ?

ನಮ್ಮ ಗಾಡಿಗೆ ಮುಂದ ಡಿಸ್ಕ್, ಹಿಂದ ಡ್ರಮ್. ಡಿಸ್ಕ್ ಅಂದ್ರ ಗಂಗಾಳದಾಗ ಹರವಿದ ಅನ್ನ, ಲಗೂನ ಆರ್ತೈತಿ. ಡ್ರಮ್ ಅಂದ್ರ ಮುಚ್ಚಿಟ್ಟ ಬೋಗಾಣಿ. ಕಾಯ್ದ ಡ್ರಮ್ ಹಿಗ್ಗಿ ಲೈನರಿನಿಂದ ದೂರ ಸರಿತೈತಿ, ಲೈನರಿನ ಹಿಡಿತಾನೂ ಕಮ್ಮಿ ಆಗ್ತೈತಿ. ಇನ್ನ ಬ್ರೇಕ್ ಆಯಿಲ್, ಅದು ಮಳಿಗಾಲದ ಉಪ್ಪಿನಂಗ ಗಾಳಿಯಾಗಿನ ನೀರು ಹೀರ್ತೈತಿ. ಹೊಸಾ ಡಾಟ್ 3 ಆಯಿಲ್ 205 ಡಿಗ್ರಿ ತನಕ ಕುದಿಬಾರದು ಅಂತ ನಿಯಮ. ನೀರು ಹೀರಿದ ಮ್ಯಾಲ ಆ ಮಿತಿ 140ಕ್ಕ ಇಳಿತೈತಿ. ಡಾಟ್ 4ಕ್ಕ 230, ಆಮ್ಯಾಲ 155. ಕುದ್ರ ಪೈಪಿನ್ಯಾಗ ಗುಳ್ಳಿ ಏಳ್ತಾವ, ಕಾಲು ಒತ್ತಿದ ಜೋರು ಗುಳ್ಳಿ ಹಿಚುಕೂದ್ರಾಗ ಮುಗಿತೈತಿ, ಗಾಲಿಗೆ ಮುಟ್ಟಂಗಿಲ್ಲ. ನನ್ನ ಮಗನ ಪೆಡಲ್ ಒಳಗ ಹೋಗಿದ್ದು ಹಿಂಗ. ಕೆಲವರು ಇದನ್ನ ಹಣಿಬಾರ ಅಂದ್ರು. ಅಲ್ಲ, ಅದು ಹಳೀ ಆಯಿಲ್.

ಪಾಟಾದ ಕಥಿ ಇನ್ನೂ ಕೆಟ್ಟದ್ದು. ನಮ್ಮ ಗಾಡಿ ಹಿಂದಿನ ಅಚ್ಚಿನ ಹಂತ್ಯಾಕ ಒಂದು ವಾಲ್ವ್ ಐತಿ. ಭಾರಕ್ಕ ಗಾಡಿ ಎಷ್ಟು ಕುಗ್ಗೈತಿ ಅನ್ನೂದು ನೋಡಿ ಅದು ಹಿಂದಿನ ಬ್ರೇಕಿಗೆ ಎಷ್ಟು ಜೋರು ಬಿಡಬೇಕು ಅಂತ ಠರಾವ ಮಾಡ್ತೈತಿ. ಹೆಚ್ಚಿನ ಪಾಟಾ ಹಾಕಿದ್ರ ಗಾಡಿ ಕುಗ್ಗೂದಿಲ್ಲ. ವಾಲ್ವ್ "ಗಾಡಿ ಖಾಲಿ ಐತಿ" ಅಂತ ತಿಳಕೊಂಡು ಹಿಂದಿನ ಬ್ರೇಕ್ ಕಮ್ಮಿ ಮಾಡ್ತೈತಿ. ನೋಡ್ರಿ, 11,000 ಕೊಟ್ಟು ಭಾರ ಹೆಚ್ಚು ಮಾಡಿದ್ವಿ, ಬ್ರೇಕ್ ಕಮ್ಮಿ ಮಾಡಿದ್ವಿ!

"ಕಾಯ್ದಿ ಪ್ರಕಾರ ಹೇರಿದ್ರ ಬಾಡಿಗಿ ಗಿಟ್ಟೂದಿಲ್ಲ" ಅಂತಾರ ನಮ್ಮ ಮನಿಯವರು. ಆ ಮಾತು ಪೂರ್ತಿ ಸುಳ್ಳಲ್ಲ, ಕಂತು ತುಂಬೂ ಸಂಕಟ ನನಗೂ ಗೊತ್ತೈತಿ. ಗಾಡಿ ಮುಂಗಡಕ್ಕ ಇಟ್ಟದ್ದು ನನ್ನ ಪಾಟ್ಲಿನ. ಆದ್ರ ಹೆಚ್ಚು ಭಾರ ಸಿಕ್ಕಬಿದ್ರ ಕಾಯ್ದೆದಾಗ ದಂಡ 20,000, ಮ್ಯಾಲ ಹೆಚ್ಚಿನ ಒಂದೊಂದು ಟನ್ನಿಗೆ 2,000. ಇದನ್ನ ಬಾಡಿಗಿ ಲೆಕ್ಕದಾಗ ಯಾಕ ಹಿಡಿಯೂದಿಲ್ಲ? ವ್ಯಾಪಾರಿಗೆ ಒಂದು ಖೇಪು ಉಳಿಲಿ ಅಂತ ನಮ್ಮ ಹುಡುಗ್ರು ಕಣಿವಿ ದಂಡಿಗೆ ನಿಲ್ಲಬೇಕೇನು? ಜಗಳಾಡೂದಿದ್ರ ಬಾಡಿಗಿ ದರದ ಮ್ಯಾಲ ಜಗಳಾಡ್ರಿ.

ಡೀಸೆಲ್ ಉಳಸಾಕ ನ್ಯೂಟ್ರಲ್ ಹಾಕಿ ಘಟ್ಟ ಇಳಿಯೂ ಶಾಣ್ಯಾರು ಅದಾರ, ಎಂಜಿನ್ ಬಂದ್ ಮಾಡೂ ಅತಿಶಾಣ್ಯಾರೂ ಅದಾರ. ಎಂಜಿನ್ ನಿಂತ್ರ ಬ್ರೇಕಿಗೆ ಬಲ ಕೊಡೂ ವ್ಯಾಕ್ಯೂಮ್ ಎರಡು-ಮೂರು ಒತ್ತಿಗೆ ತೀರತೈತಿ. ಏರಾಕ ಬೇಕಾದ ಗೇರಿನ್ಯಾಗ ಇಳಿಯೂದು ಹಳೇ ಡ್ರೈವರ್‌ಗಳ ಮಾತು. ಅದಕ್ಕ ಒಂದ ಪೈ ಖರ್ಚಿಲ್ಲ.

ನಾ ಏನ ಮಾಡಿದೆ ಅಂದ್ರ, ಗಾಡಿ ಕೀಲಿ ತಂದು ಜ್ವಾಳದ ಡಬ್ಬಿಯೊಳಗ ಇಟ್ಟೆ. ಮೂರ ದಿನ ಗಾಡಿ ಹೊಂಟಿಲ್ಲ. ಮನ್ಯಾಗ ರಂಪಾಟ ಆತು, ಆಗ್ಲಿ. ನಾಕನೇ ದಿನ ಹೆಚ್ಚಿನ ಪಾಟಾ ಬಿಚ್ಚಿಸಿದ್ರು. ಕಂಪನಿ ಲೈನರು, ಹೊಸಾ ಪ್ಯಾಡು ಬಂದ್ವು. ಡ್ರಮ್ ಮಿತಿ ಮೀರಿ ಸವದಿದ್ವು, ಅವನ್ನೂ ಬದಲಿ ಮಾಡಿದ್ರು. ಸೀಳಿದ ರಬ್ಬರ್ ಪೈಪು ತಗದ್ರು, ಗಾಡಿ ಪುಸ್ತಕ ನೋಡಿ ಡಾಟ್ 4 ಆಯಿಲ್ ಹಾಕಿ ಹವಾ ತಗದ್ರು, ವಾಲ್ವ್ ಅಳತಿಗೆ ಕೂಡ್ರಿಸಿದ್ರು. ಬೋಳಾದ ಎರಡು ಟೈರೂ ಹೋದ್ವು, ಟೈರ್ ನೆಲಾ ಹಿಡಿಲಿಲ್ಲಂದ್ರ ಎಂಥಾ ಬ್ರೇಕಿದ್ರೂ ಅಷ್ಟ. 9,000 ಅಂದಿದ್ದು ತಡಾ ಮಾಡಿದ್ದಕ್ಕ 27,000 ಆತು. ಸುಧಾರಣಿ ಅಂದ್ರ ಇದು. ಭಾರ ಮಾತ್ರ ಆರ್‌ಸಿಯೊಳಗ ಬರದಷ್ಟ.

ಅಕ್ಕಾರ, ತಂಗ್ಯಾರ, ನಿಮ್ಮನ್ಯಾಗ ಗಾಡಿ ಇದ್ರ ಇವತ್ತ ಸಂಜೀಕ ಒಂದ ಮಾತು ಕೇಳ್ರಿ: "ಬ್ರೇಕ್ ಆಯಿಲ್ ಕಡೀಕ ಯಾವಾಗ ಬದಲಿ ಮಾಡಿಸಿದ್ರಿ?" ಎರಡು ವರ್ಷ ದಾಟಿತ್ತಂದ್ರ, ಇಲ್ಲಾ ತಲಿ ಕೆರಕೊಂಡ್ರಂದ್ರ, ಅವತ್ತು ರೊಟ್ಟಿ ಬಡಿಬ್ಯಾಡ್ರಿ. ಕೀಲಿ ಎಲ್ಲಿಡಬೇಕು ಅನ್ನೂದು ಹೇಳೀನಲ್ಲ.