ಡೆಕ್ಕಿನಿಂದ ಕಾಣದ ಕಹಲ್‌ಗಾಂವ್

ಸಣ್ಣ ಹಡಗಿನ ನದಿಯಾನವೆಂದರೆ ಸಂಸ್ಕೃತಿಯನ್ನೂ ಪ್ರಕೃತಿಯನ್ನೂ ಒಟ್ಟಿಗೆ ನೋಡುವ ಅವಕಾಶ ಎಂದು ಕ್ರೂಸ್ ಕಂಪನಿಗಳು ಹೇಳಿಕೊಳ್ಳುತ್ತವೆ. ಎರಡರಲ್ಲಿ ಒಂದಾದರೂ ನಿಜವಾಗಿದ್ದರೆ ತಕರಾರು ಬೇಕಿರಲಿಲ್ಲ. ಗಂಗೆಯ ಮಟ್ಟಿಗೆ ಎರಡೂ ಸುಳ್ಳು.

2023ರ ಜನವರಿ 13ರಂದು ವಾರಾಣಸಿಯಿಂದ ಹೊರಟ ‘ಗಂಗಾ ವಿಲಾಸ್’ ಬಹಳ ಜನರಿಗೆ ನೆನಪಿರಬಹುದು. 18 ಸೂಟ್, 36 ಪ್ರಯಾಣಿಕರು, 51 ದಿನ, ಬಾಂಗ್ಲಾದೇಶದ ಮೂಲಕ ದಿಬ್ರೂಗಢದವರೆಗೆ 3,200 ಕಿಲೋಮೀಟರ್. ಪೂರ್ತಿ ಯಾನಕ್ಕೆ ತಲೆಗೆ ಹತ್ತು ಲಕ್ಷಕ್ಕೂ ಹೆಚ್ಚು ಎಂದು ಪತ್ರಿಕೆಗಳು ಬರೆದವು. ಅಷ್ಟು ಕೊಡಲಾಗದವರಿಗೆ ಕೋಲ್ಕತ್ತ-ವಾರಾಣಸಿ ನಡುವೆ ಚಿಕ್ಕ ಯಾನಗಳಿವೆ, ಬ್ರಹ್ಮಪುತ್ರದಲ್ಲೂ ಇವೆ. ಇವುಗಳ ಜಾಹೀರಾತು ಈಗ ದೆಹಲಿ, ಪುಣೆ, ಮುಂಬೈಯ ಕನ್ನಡ ಮನೆಗಳ ವಾಟ್ಸಾಪ್ ಗುಂಪುಗಳಲ್ಲೂ ಓಡಾಡುತ್ತಿದೆ: ಅಪ್ಪ-ಅಮ್ಮನ ಮದುವೆಯ ಐವತ್ತನೇ ವರ್ಷಕ್ಕೆ ಒಳ್ಳೆಯ ಉಡುಗೊರೆ, ಕಾಶಿಯೂ ಆಯಿತು, ಎಸಿಯೂ ಸಿಕ್ಕಿತು. ಅದೇ ಅಪ್ಪ-ಅಮ್ಮನ ಹಿರಿಯರು ಮೂರು ದಿನ ರೈಲಿನಲ್ಲಿ ಕೂತು, ಜಂಗಮವಾಡಿ ಮಠದಲ್ಲೋ ಯಾವುದೋ ಛತ್ರದಲ್ಲೋ ಇಳಿದು, ಬೆಸುಗೆ ಹಾಕಿದ ತಾಮ್ರದ ಗಿಂಡಿಯಲ್ಲಿ ಗಂಗೆ ತಂದವರು. ಅವರಿಗೆ ನದಿಯ ಬಗ್ಗೆ ಹೆಚ್ಚು ಗೊತ್ತಿತ್ತು ಎಂದೇನೂ ಹೇಳಬೇಕಿಲ್ಲ. ಆದರೆ ತಾವು ಪ್ರಕೃತಿಯನ್ನು ಉಳಿಸುತ್ತಿದ್ದೇವೆ ಎಂದು ಅವರು ಹೇಳಿಕೊಳ್ಳಲಿಲ್ಲ.

ಮೊದಲು ಸಂಸ್ಕೃತಿಯ ಮಾತು. ಬಿಹಾರದ ಭಾಗಲ್ಪುರ ದಾಟಿದ ಮೇಲೆ ಕಹಲ್‌ಗಾಂವ್ ಬರುತ್ತದೆ. ಹಡಗುಗಳು ಈ ಆಸುಪಾಸಿನಲ್ಲಿ ನಿಲ್ಲುವುದು ವಿಕ್ರಮಶಿಲಾ ವಿಶ್ವವಿದ್ಯಾಲಯದ ಅವಶೇಷಗಳಿಗಾಗಿ. ಪಾಲರ ಕಾಲದ ಬೌದ್ಧ ವಿದ್ಯಾಕೇಂದ್ರ, ನೋಡಲೇಬೇಕಾದ ಜಾಗ, ಅದರಲ್ಲಿ ಅನುಮಾನವಿಲ್ಲ. ಆದರೆ ಇದೇ ಊರಿನಲ್ಲಿ 1982ರಲ್ಲಿ ಗಂಗಾ ಮುಕ್ತಿ ಆಂದೋಲನ ಹುಟ್ಟಿತು. ಸುಲ್ತಾನ್‌ಗಂಜ್‌ನಿಂದ ಪೀರ್‌ಪೈಂತಿಯವರೆಗೆ ಸುಮಾರು 80 ಕಿಲೋಮೀಟರ್ ಗಂಗೆ ಅಂದಿಗೂ ಜಮೀನ್ದಾರರ ಸ್ವತ್ತಾಗಿತ್ತು. ಮೊಗಲರ ಕಾಲದಿಂದ ಬಂದದ್ದೆಂದು ಹೇಳುತ್ತಿದ್ದ ಹಕ್ಕು ಅದು, ಹೆಸರು ಪಾನೀದಾರಿ. ಸ್ವಾತಂತ್ರ್ಯ ಬಂದ ಮೇಲೆ ಜಮೀನ್ದಾರಿ ರದ್ದಾಯಿತು, ಆದರೆ ನೀರು ಜಮೀನಲ್ಲವಲ್ಲ! ಬಲೆ ಬೀಸಿದರೆ ಮಲ್ಲಾಹರು ತೆರಿಗೆ ಕೊಡಬೇಕಿತ್ತು, ಕೊಡದಿದ್ದರೆ ಗೂಂಡಾಗಳು ಬರುತ್ತಿದ್ದರು. ಹತ್ತು ವರ್ಷದ ಹತ್ತಿರ ನಡೆದ ಹೋರಾಟದ ನಂತರ 1991ರಲ್ಲಿ ಪಾನೀದಾರಿ ಹೋಗಿ, ಸಾಂಪ್ರದಾಯಿಕ ಮೀನುಗಾರರಿಗೆ ನದಿ ತೆರಿಗೆಯಿಂದ ಮುಕ್ತವಾಯಿತು. ಈ ದೇಶದಲ್ಲಿ ಹರಿಯುವ ನೀರು ಯಾರದ್ದು ಎಂದು ಕೇಳಿ ಗೆದ್ದ ಅಪರೂಪದ ಚಳವಳಿ. ಸಂಸ್ಕೃತಿ ಎಂದರೆ ಇದೂ ಹೌದಲ್ಲವೆ? ಹಡಗಿನ ಗೈಡ್ ಎಂಟು-ಒಂಬತ್ತನೇ ಶತಮಾನದ ಇಟ್ಟಿಗೆಗಳ ಬಗ್ಗೆ ಅರ್ಧ ದಿನ ಮಾತಾಡುತ್ತಾನೆ, ದಡದಲ್ಲಿ ಬಲೆ ಒಣಗಿಸುತ್ತಿರುವವನ ಬಗ್ಗೆ ಹೇಳಲು ಅವನ ಬಳಿ ಒಂದು ವಾಕ್ಯವೂ ಇರುವುದಿಲ್ಲ. ಅಲ್ಲಿಯವರ ಮನೆಮಾತು ಅಂಗಿಕಾ ಎಂಬುದೂ ಪ್ರಯಾಣಿಕರ ಕಿವಿಗೆ ಬೀಳುವುದಿಲ್ಲ.

ಬ್ರೋಷರುಗಳ ಭಾಷೆಯನ್ನು ಸ್ವಲ್ಪ ಕೆದಕಿದರೆ ಇನ್ನೂ ಒಂದು ಸಂಗತಿ ಸಿಗುತ್ತದೆ. ನದಿ ತಂದು ಹಾಕಿದ, ನದಿಯೇ ಒಯ್ಯಬಹುದಾದ ನೆಲಕ್ಕೆ ಬಿಹಾರದಲ್ಲಿ ದಿಯಾರಾ ಎನ್ನುತ್ತಾರೆ, ಬಂಗಾಳದಲ್ಲಿ ಚರ್, ಅಸ್ಸಾಮಿನಲ್ಲಿ ಚಾಪೊರಿ. ಒಂದೊಂದು ಪದದ ಹಿಂದೆಯೂ ಸಾಗುವಳಿ, ದನ, ಗಡಿಜಗಳ, ಕೋರ್ಟು ಕಚೇರಿ ಎಲ್ಲ ಇದೆ. ಅಸ್ಸಾಮಿನ ಚರ್‌ವಾಸಿಗಳಂತೂ ಪ್ರವಾಹದಲ್ಲಿ ಕಳೆದುಹೋದ ಕಾಗದಪತ್ರ ಹುಡುಕಿ ತಾವು ಈ ದೇಶದವರೆಂದು ಸಾಬೀತುಪಡಿಸುವುದರಲ್ಲೇ ಹಣ್ಣಾಗಿದ್ದಾರೆ. ಬ್ರೋಷರಿನಲ್ಲಿ ಈ ಮೂರೂ ಪದಗಳಿಗೆ ಒಂದೇ ಅನುವಾದ: ‘ನಿರ್ಜನ ಮರಳುದ್ವೀಪ’. ಸಂಜೆ ಅಲ್ಲಿ ಬೆಂಕಿ ಹಾಕಿ ಊಟ ಬಡಿಸುತ್ತಾರೆ.

ಇನ್ನು ಪ್ರಕೃತಿ. ಸುಲ್ತಾನ್‌ಗಂಜ್‌ನಿಂದ ಕಹಲ್‌ಗಾಂವ್‌ವರೆಗಿನ ಸುಮಾರು 60 ಕಿಲೋಮೀಟರ್ ನದಿ, ಅದೇ 1991ರಲ್ಲಿ ಘೋಷಣೆಯಾದ ವಿಕ್ರಮಶಿಲಾ ಗಂಗಾ ಡಾಲ್ಫಿನ್ ಅಭಯಾರಣ್ಯ. ಬಿಹಾರದ ಸೋಂಸ್, ಬಂಗಾಳದ ಶುಶುಕ್, ಅಸ್ಸಾಮಿನ ಹಿಹು ಎಲ್ಲ ಇದೇ ಜೀವಿ. ಮೇಲೆ ಬಂದು ಉಸಿರು ಬಿಡುವ ಸದ್ದು ಆ ಹೆಸರುಗಳಲ್ಲೇ ಕೇಳುತ್ತದೆ. ಅದಕ್ಕೆ ಕಣ್ಣು ಹೆಸರಿಗಷ್ಟೇ, ಮಸೂರವೇ ಇಲ್ಲ. ಕೆಸರು ನೀರಿನಲ್ಲಿ ಅದು ಬದುಕುವುದು ಕಿವಿಯಿಂದ. ತಾನು ಹೊರಡಿಸಿದ ಸದ್ದು ಎದುರಿನ ಮೀನಿಗೆ ತಾಗಿ ಹಿಂದಿರುಗಿದಾಗಷ್ಟೇ ಊಟ. ಹಡಗಿನ ಎಂಜಿನ್ ಮತ್ತು ಪ್ರೊಪೆಲರ್ ಕಿತ್ತುಕೊಳ್ಳುವುದು ಇದನ್ನೇ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರೂ ಸೇರಿ ಮಾಡಿದ, 2019ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ನಲ್ಲಿ ಬಂದ ಅಧ್ಯಯನ ಗಂಗೆಯಲ್ಲಿ ಇದನ್ನು ಅಳೆದು ನೋಡಿತು: ನೀರು ಕಡಿಮೆ ಇದ್ದಾಗ ಹಡಗಿನ ಸದ್ದೂ ಸೇರಿದರೆ ಡಾಲ್ಫಿನ್‌ಗಳ ಕೂಗಿನ ರೀತಿ ಬದಲಾಗುತ್ತದೆ, ಅವುಗಳ ದೇಹದ ಶಕ್ತಿ ಹೆಚ್ಚು ಖರ್ಚಾಗುತ್ತದೆ. ಕ್ರೂಸ್ ಸೀಸನ್ ನಡೆಯುವುದು ಮಳೆ ನಿಂತು ನೀರು ಇಳಿಯುತ್ತ ಹೋಗುವ ತಿಂಗಳುಗಳಲ್ಲಿ. ಡಾಲ್ಫಿನ್ ನೋಡಲೆಂದು ಹಣ ಕೊಟ್ಟವರು ಡಾಲ್ಫಿನ್‌ನ ಕಿವಿಯ ಮೇಲೆ ಕೂತು ಹೋಗುತ್ತಾರೆ.

ಒಂದು ಚಿಕ್ಕ ಹಡಗಿನಿಂದ ಏನಾದೀತು, ಸರಕಿನ ಬಾರ್ಜುಗಳನ್ನು ಬಯ್ಯಿರಿ ಎನ್ನುವವರಿದ್ದಾರೆ. ಮಾತಿನಲ್ಲಿ ಅರ್ಧ ನ್ಯಾಯವಿದೆ, ಬಾರ್ಜುಗಳೇ ದೊಡ್ಡ ಅಪಾಯ. ಆದರೆ ಎರಡೂ ಓಡುವುದು ಒಂದೇ ಕಾಲುವೆಯಲ್ಲಿ. ಹಲ್ದಿಯಾದಿಂದ ಅಲಹಾಬಾದ್‌ವರೆಗಿನ 1,620 ಕಿಲೋಮೀಟರ್ ಗಂಗೆ 1986ರಲ್ಲೇ ರಾಷ್ಟ್ರೀಯ ಜಲಮಾರ್ಗ-1 ಆಯಿತು. 2016ರ ಕಾಯ್ದೆಯ ನಂತರ ಇಂಥ ಜಲಮಾರ್ಗಗಳ ಸಂಖ್ಯೆ 111. ವಿಶ್ವಬ್ಯಾಂಕಿನ ಸಾಲದ ನೆರವಿನ ಜಲಮಾರ್ಗ ವಿಕಾಸ ಯೋಜನೆ ಗಂಗೆಯ ತಳ ಕೆರೆದು ಆಳ ಕಾಯ್ದುಕೊಳ್ಳುವ ಕೆಲಸ ಮಾಡುತ್ತದೆ. ತಳ ಕೆರೆಯುವುದೆಂದರೆ ಮೀನು ಮರಿ ಮಾಡುವ ಜಾಗ ಕೆರೆಯುವುದು. ಇಂಥ ಯೋಜನೆಗೆ ಕಲ್ಲಿದ್ದಲು ಬಾರ್ಜಿನ ಫೋಟೊ ಹಾಕಿದರೆ ಯಾರು ಚಪ್ಪಾಳೆ ತಟ್ಟುತ್ತಾರೆ? ಅದಕ್ಕೆ ಬಿಳಿ ಹಡಗು, ಡೆಕ್ಕಿನ ಮೇಲೆ ಯೋಗ ಮಾಡುವ ವಿದೇಶಿಯರು ಬೇಕು. ಮೊದಲ ಯಾನದಲ್ಲಿ ಗಂಗಾ ವಿಲಾಸ್ ಛಪ್ರಾದ ಬಳಿ ನೀರು ಸಾಲದೆ ಸಿಕ್ಕಿಕೊಂಡಿತೆಂದು ಸುದ್ದಿಯಾಯಿತು. ಒಳನಾಡು ಜಲಮಾರ್ಗ ಪ್ರಾಧಿಕಾರ ಅದನ್ನು ನಿರಾಕರಿಸಿತು. ಸಿಕ್ಕಿಕೊಂಡಿತೋ ಇಲ್ಲವೋ, ಆ ಗಲಾಟೆಯಲ್ಲಿ ನದಿಗೆ ಇರುವಷ್ಟೇ ನೀರಿನಲ್ಲಿ ಹರಿಯುವ ಹಕ್ಕಿದೆ ಎಂದು ಮಾತ್ರ ಯಾರೂ ಹೇಳಲಿಲ್ಲ.

ಫರಕ್ಕಾ ಇನ್ನೊಂದು ಉದಾಹರಣೆ. 1975ರಲ್ಲಿ ಬ್ಯಾರೇಜ್ ಶುರುವಾದ ಮೇಲೆ ಸಮುದ್ರದಿಂದ ಮೇಲೇರಿ ಬಿಹಾರ, ಅಲಹಾಬಾದಿನವರೆಗೂ ಬರುತ್ತಿದ್ದ ಹಿಲ್ಸಾ ಮೀನು ಹೆಚ್ಚುಕಡಿಮೆ ನಿಂತೇಹೋಯಿತು. ತೆರಿಗೆಯಿಂದ ಬಿಡುಗಡೆ ಪಡೆದ ಕಹಲ್‌ಗಾಂವ್‌ನ ಮೀನುಗಾರರಿಗೆ ಸಿಕ್ಕಿದ್ದು ಮೀನು ಇಳಿದುಹೋದ ನದಿ. ಹಡಗು ಏರಿಳಿಯಲು ಮಾತ್ರ ಅಲ್ಲಿ ಲಾಕ್ ಗೇಟ್ ಇದೆ. ಪ್ರಯಾಣಿಕರು ಅದನ್ನು ಎಂಜಿನಿಯರಿಂಗ್ ಸೋಜಿಗವೆಂದು ವಿಡಿಯೊ ಮಾಡಿಕೊಳ್ಳುತ್ತಾರೆ.

ಹಡಗಿನಿಂದ ಒಂದಷ್ಟು ಜನರಿಗೆ ಕೆಲಸ ಸಿಗುತ್ತದೆ, ಮಾಜುಲಿಯ ಸಾಮಗುರಿ ಸತ್ರದಲ್ಲಿ ಮುಖವಾಡ ಮಾಡುವವರ ನಾಲ್ಕು ಮುಖವಾಡ ಮಾರಾಟವಾಗುತ್ತವೆ. ಅದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಅದೇ ಮಾಜುಲಿಯ ಜನ ಆಸ್ಪತ್ರೆಗೆ, ಕಾಲೇಜಿಗೆ ಹೇಗೆ ನದಿ ದಾಟುತ್ತಾರೆ? 2021ರ ಸೆಪ್ಟೆಂಬರ್ 8ರಂದು ಜೋರ್ಹಾಟ್‌ನ ನಿಮಾತಿ ಘಾಟ್ ಬಳಿ ಖಾಸಗಿ ಫೆರಿಯೊಂದು ಸರ್ಕಾರಿ ಫೆರಿಗೆ ಡಿಕ್ಕಿಯಾಗಿ ಮುಳುಗಿತು. ಅದಾದ ಮೇಲೆ ಸರ್ಕಾರ ಒಂದೇ ಎಂಜಿನ್ನಿನ ಖಾಸಗಿ ದೋಣಿಗಳನ್ನು ನಿಲ್ಲಿಸಿತು. ಒಂದೇ ನದಿಯಲ್ಲಿ ಒಬ್ಬರಿಗೆ ಮುಳುಗುವ ದೋಣಿ, ಇನ್ನೊಬ್ಬರಿಗೆ ಸ್ಪಾ ಇರುವ ಹಡಗು. ಕನ್ನಡಿಗರಿಗೆ ಇದು ಹೊಸದೇನಲ್ಲ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಸಿಗಂದೂರಿನ ಲಾಂಚ್ ಪ್ರವಾಸಿಗರ ರೀಲ್ಸ್‌ನಲ್ಲಿ ಎಷ್ಟು ಚಂದ ಕಾಣುತ್ತಿತ್ತು! ತುಮರಿ ಕಡೆಯ ಜನ ಮಾತ್ರ ದಶಕಗಳ ಕಾಲ ಸೇತುವೆ ಕೇಳುತ್ತಲೇ ಇದ್ದರು; 2025ರ ಜುಲೈನಲ್ಲಿ ಅದು ಉದ್ಘಾಟನೆಯಾಯಿತು.

ಆಗಬೇಕಾದದ್ದು ಕಷ್ಟದ್ದೇನಲ್ಲ. ನೀರು ಇಳಿದಿರುವ ತಿಂಗಳುಗಳಲ್ಲಿ ಅಭಯಾರಣ್ಯದೊಳಗೆ ಯಾಂತ್ರಿಕ ಹಡಗುಗಳ ಸಂಖ್ಯೆಗೂ ವೇಗಕ್ಕೂ ಮಿತಿ ಹಾಕಿ, ದಿನಕ್ಕೆ ಎಷ್ಟು ಹಾದುಹೋದವೆಂದು ಘಾಟಿನ ಬೋರ್ಡಿನಲ್ಲಿ ಬರೆಯಬೇಕು. ಹಡಗು ನಿಲ್ಲುವ ಪ್ರತಿ ಘಾಟಿನಲ್ಲೂ ಕೊಡುವ ಶುಲ್ಕದಲ್ಲಿ ಮೀನುಗಾರರ ಸಂಘಕ್ಕೆ ಪಾಲು ಇರಬೇಕು. ತಳ ಕೆರೆಯುವ ಮುನ್ನ ಅವರನ್ನು ಕೇಳಬೇಕು, ಕೇಳಿದ್ದು ಅಂಗಿಕಾದಲ್ಲಿರಬೇಕು. ಅಲ್ಲಿಯವರೆಗೆ ಡಾಲ್ಫಿನ್ ನೋಡಲೇಬೇಕೆನ್ನುವವರಿಗೆ ಭಾಗಲ್ಪುರದಿಂದ ಕಹಲ್‌ಗಾಂವ್‌ಗೆ ರೈಲಿದೆ. ಅಲ್ಲಿ ನದಿಯ ನಡುವೆ ಮೂರು ಬಂಡೆಗುಡ್ಡಗಳಿವೆ. ದಡದಲ್ಲಿ ವಿಚಾರಿಸಿ, ಎಂಜಿನ್ ಇಲ್ಲದ, ಹುಟ್ಟು ಹಾಕುವ ನಾಡದೋಣಿ ಹತ್ತಬೇಕು, ಬಾಡಿಗೆಗೆ ಚೌಕಾಸಿ ಮಾಡಬಾರದು.