ನಗುವ ಉಪದೇಶ ಸಾಕು

"ಸಕಾರಾತ್ಮಕವಾಗಿ ಯೋಚಿಸಿ, ಕನ್ನಡಿ ಮುಂದೆ ನಿಂತು ನಗಿ" ಎಂದು ಧಾರವಾಡದ ತರಬೇತಿಯಲ್ಲಿ ಉಪನ್ಯಾಸಕರೊಬ್ಬರು ನಮಗೆಲ್ಲ ಬೋಧಿಸಿದರು. ಐವತ್ತು ದಾಟಿದ ನನಗೆ ಸಿಟ್ಟೇ ಬಂತು. ಬೆಳಿಗ್ಗೆ ಐದಕ್ಕೆದ್ದು ಅಡಿಗೆ ಮಾಡಿಟ್ಟು ಶಾಲೆಗೆ ಓಡುವವಳಿಗೆ ಬೇಕಾದದ್ದು ಬಿಡುವು. ಶಾಲೆಯ ಶೌಚಾಲಯಕ್ಕೆ ಚಿಲಕವಿಲ್ಲದಿದ್ದರೆ ಅದನ್ನು ಹಾಕಿಸಬೇಕೇ, ನಗುತ್ತ ಸಹಿಸಬೇಕೇ?

ಹಾಗೆಂದು ನಾನು ನಿರಾಶಾವಾದಿಯಲ್ಲ. ಅಂದು ಸಂಜೆ, ಜೀವನದಲ್ಲಿ ಮೊದಲ ಬಾರಿಗೆ, ಗೊತ್ತಿಲ್ಲದ ಊರಿನಲ್ಲಿ ಒಬ್ಬಳೇ ಹೊರಟೆ. ಬೇಂದ್ರೆಯವರು ಬಾಳಿದ ಸಾಧನಕೇರಿಗೆ ದಾರಿ ಯಾವುದೆಂದು ಹೂ ಮಾರುವಾಕೆಯನ್ನು ಕೇಳಿದೆ. "ಬರ್ರಿ ಅಕ್ಕಾರ, ನಾ ತೋರಸ್ತೀನಿ" ಎಂದು ಬುಟ್ಟಿ ಬಿಟ್ಟು ಎದ್ದುಬಂದಳು. ಕೆರೆಯ ದಂಡೆಯಲ್ಲಿ ಅರ್ಧ ಗಂಟೆ ಕೂತೆ. ಆ ಅರ್ಧ ಗಂಟೆ ಕೊಟ್ಟ ಧೈರ್ಯವನ್ನು ಮೂರು ದಿನದ ಉಪನ್ಯಾಸ ಕೊಡಲಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ನಮಗೆ ಬಸ್ಸು ಉಚಿತವಾದಾಗ, "ಇನ್ನು ಹೆಂಗಸರು ಊರೂರು ಸುತ್ತುತ್ತಾರೆ" ಎಂದು ಆಡಿಕೊಂಡವರುಂಟು. ಸುತ್ತಲಿ ಬಿಡಿ! ಗಂಡಸರು ಸುತ್ತಿದರೆ ಲೋಕಾನುಭವ, ನಾವು ಸುತ್ತಿದರೆ ಕೆಲಸಗೇಡಿತನವೇ?

ಅಕ್ಕಂದಿರೇ, ಕನ್ನಡಿ ಬಿಟ್ಟು ಹೊಸ್ತಿಲು ದಾಟಿ. ದಾರಿ ಕೇಳಲು ಕಲಿತವಳಿಗೆ ಹಕ್ಕು ಕೇಳಲೂ ಬಾಯಿ ಬರುತ್ತದೆ. ಊರಿಗೆ ಮರಳಿದ ವಾರವೇ ನಾನು ಮುಖ್ಯೋಪಾಧ್ಯಾಯರ ಎದುರು ನಿಂತು ಆ ಚಿಲಕ ಹಾಕಿಸಿದೆ.