ಬಿಸಿಲಿನ ಲೆಕ್ಕ ಹಾಕದೆ ಮಲ್ಲಿಗೆ ನೆಡಬೇಡಿ

ಮುಂಬೈಯಲ್ಲಿರುವ ನಮ್ಮವರ ಮನೆಗಳಲ್ಲಿ ಒಂದು ದೃಶ್ಯ ಮಾತ್ರ ತಪ್ಪದು. ಬಾಲ್ಕನಿ ಮೂಲೆಯ ಕುಂಡದಲ್ಲಿ ಒಂದು ಮಲ್ಲಿಗೆ ಗಿಡ. ಉದ್ದುದ್ದ ಬೆಳೆದ ಸಪೂರ ಕಡ್ಡಿ, ಅಲ್ಲೊಂದು ಇಲ್ಲೊಂದು ಎಲೆ, ಹೂವಂತೂ ಇಲ್ಲವೇ ಇಲ್ಲ. ಕೇಳಿದರೆ "ಊರಿಂದ ತಂದದ್ದು, ಇಲ್ಲಿಯ ನೀರು ಹಿಡಿಯಲಿಲ್ಲ ಕಣ್ರೀ" ಅನ್ನುತ್ತಾರೆ. ಪಾಪ, ನೀರೇನು ಮಾಡೀತು? ಆ ಗಿಡಕ್ಕೆ ಸಿಗದಿರುವುದು ಬಿಸಿಲು.

ನಾನು ಬ್ಯಾಂಕಿನವನು, ಗಿಡಗಳ ಶಾಸ್ತ್ರ ಓದಿದವನಲ್ಲ. ಆದರೆ ನಮ್ಮಲ್ಲಿ ಸಾಲ ಕೊಡುವ ಮುಂಚೆ ಆದಾಯ ನೋಡುವ ಪದ್ಧತಿ ಇದೆ. ಗಿಡ ತರುವ ಮುಂಚೆಯೂ ಅಷ್ಟೇ, ಮನೆಗೆ ಬಿಸಿಲಿನ ಆದಾಯ ಎಷ್ಟು ಅಂತ ನೋಡಬೇಕು. ಗಿಡ ತನ್ನ ಅಡುಗೆ ಮಾಡಿಕೊಳ್ಳುವುದು ಬೆಳಕಿನಲ್ಲಿ. ಒಲೆಯೇ ಉರಿಯದಿದ್ದರೆ ಎಷ್ಟು ದಿನಸಿ ತಂದು ಸುರಿದರೇನು? ಗೊಬ್ಬರದ ಕಥೆಯೂ ಹಾಗೆಯೇ. ನೀರಿನದ್ದು ಇನ್ನೂ ಕಷ್ಟ. ನೆರಳಿನಲ್ಲಿರುವ ಗಿಡ ಕುಡಿಯುವುದೇ ಕಡಿಮೆ. ಬಾಡಿದೆ ಅಂತ ದಿನಕ್ಕೆರಡು ಚೊಂಬು ಸುರಿದರೆ ಬೇರು ಕೊಳೆಯುತ್ತದೆ.

ಊರಿನಲ್ಲಿ ಈ ಲೆಕ್ಕ ಯಾರೂ ಹಾಕುತ್ತಿರಲಿಲ್ಲ, ಹಾಕುವ ಅಗತ್ಯವೂ ಇರಲಿಲ್ಲ. ಅಂಗಳ ಅಂದರೆ ಮೇಲೆ ಆಕಾಶ. ತುಳಸಿಕಟ್ಟೆ ಯಾವ ದಿಕ್ಕಿನಲ್ಲಿದ್ದರೂ ಬಿಸಿಲು ಬೀಳುತ್ತಿತ್ತು. ಫ್ಲ್ಯಾಟಿನಲ್ಲಿ ತಲೆಯ ಮೇಲೆ ಇನ್ನೊಬ್ಬರ ಬಾಲ್ಕನಿ, ಎದುರಿಗೆ ಇನ್ನೊಂದು ಬಿಲ್ಡಿಂಗ್. ನಾವು ಅಂಗಳದ ಗಿಡ ತಂದೆವು, ಅಂಗಳ ತರಲಾಗಲಿಲ್ಲ.

ತುಳಸಿಯ ವಿಷಯಕ್ಕೆ ಬರೋಣ, ನನಗೆ ಬೇಸರವಾಗುವುದು ಅಲ್ಲೇ. ತುಳಸಿ ಒಣಗಿದರೆ ಮನೆಗೆ ಒಳ್ಳೆಯದಲ್ಲ ಅನ್ನುವ ಮಾತು ನಮ್ಮಲ್ಲಿದೆ. ಪರಿಚಯದ ಮನೆಯೊಂದರಲ್ಲಿ ಮೂರು ಸಲ ತುಳಸಿ ಒಣಗಿತು. ಆ ಮನೆಯ ಸೊಸೆಗೆ ಎಷ್ಟು ಮಾತು! ಶ್ರದ್ಧೆಯಿಲ್ಲ, ಕೈಗುಣ ಸರಿಯಿಲ್ಲ, ಮಡಿಯಿಲ್ಲ. ಹೋಗಿ ನೋಡಿದರೆ, ಯಾರೋ ವಾಸ್ತು ಹೇಳಿದರೆಂದು ಕುಂಡವನ್ನು ಉತ್ತರದ ಬಾಲ್ಕನಿಯಲ್ಲಿಟ್ಟಿದ್ದಾರೆ. ತುಳಸಿಗೆ ದಿನಕ್ಕೆ ನಾಲ್ಕರಿಂದ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಮುಂಬೈಯಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲುವುದು ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಮಾತ್ರ. ಜೂನ್ ಬಂತೆಂದರೆ ಮಳೆ ಮೋಡ. ಚಳಿಗಾಲದಲ್ಲಂತೂ ಉತ್ತರದ ಗೋಡೆ ಸೂರ್ಯನ ಮುಖವನ್ನೇ ಕಾಣದು. ಆ ಹೆಣ್ಣುಮಗಳು ಮಾಡಿದ ತಪ್ಪಾದರೂ ಏನು? ಕುಂಡವನ್ನು ಪೂರ್ವದ ಅಡುಗೆಮನೆ ಗ್ರಿಲ್‌ಗೆ ಸಾಗಿಸಿದರು, ಗಿಡ ಚಿಗುರಿತು. ಆಡಿದ ಮಾತನ್ನು ಮಾತ್ರ ಯಾರೂ ವಾಪಸ್ ತೆಗೆದುಕೊಳ್ಳಲಿಲ್ಲ.

ಹಾಗಾದರೆ ಲೆಕ್ಕ ಹಾಕುವುದು ಹೇಗೆ? ಖರ್ಚಿಲ್ಲದ ಕೆಲಸ. ಒಂದು ಭಾನುವಾರ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಗಂಟೆಗೊಮ್ಮೆ ಬಾಲ್ಕನಿಗೆ ಹೋಗಿ, ಕುಂಡ ಇಡುವ ಜಾಗದಲ್ಲಿ ನೇರ ಬಿಸಿಲು ಇದೆಯೋ ಇಲ್ಲವೋ ಅಂತ ಬರೆದುಕೊಳ್ಳಿ. ಬಿಳಿ ಕಾಗದದ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ನೆರಳಿನ ಅಂಚು ಸ್ಪಷ್ಟವಾಗಿದ್ದರೆ ಒಳ್ಳೆಯ ಬೆಳಕು, ಮಸುಕಾಗಿದ್ದರೆ ಮಧ್ಯಮ, ನೆರಳೇ ಕಾಣದಿದ್ದರೆ ಆ ಜಾಗ ಗಿಡಕ್ಕಲ್ಲ. ಒಂದು ಭಾನುವಾರ ಸಾಲದು, ಡಿಸೆಂಬರಿನಲ್ಲೊಮ್ಮೆ, ಮೇ ತಿಂಗಳಲ್ಲೊಮ್ಮೆ ನೋಡಬೇಕು. ದಕ್ಷಿಣದ ಬಾಲ್ಕನಿಯಲ್ಲಿ ಡಿಸೆಂಬರಿನ ಬಿಸಿಲು ಒಳಗೆ ತನಕ ಬರುತ್ತದೆ. ಮೇ ತಿಂಗಳಲ್ಲಿ ಸೂರ್ಯ ನೆತ್ತಿಯ ಮೇಲಿರುವುದರಿಂದ ಮೇಲಿನ ಸ್ಲ್ಯಾಬೇ ಅಡ್ಡ. ಪಶ್ಚಿಮದವರಿಗೆ ಬಿಸಿಲಿಗೆ ಬರವಿಲ್ಲ, ಆದರೆ ಏಪ್ರಿಲ್-ಮೇ ಸಂಜೆ ಕುಂಡವೇ ಕಾದುಹೋಗುತ್ತದೆ, ಎಳೆ ಗಿಡ ತಾಳದು.

ಆರು ಗಂಟೆ ಬಿಸಿಲಿದ್ದರೆ ಮಲ್ಲಿಗೆ, ದಾಸವಾಳ, ಕರಿಬೇವು, ಮೆಣಸಿನ ಗಿಡ ಎಲ್ಲವೂ ಆದೀತು. ಬೆಳಗಿನ ಮೂರು ನಾಲ್ಕು ಗಂಟೆಯಷ್ಟೇ ಇದ್ದರೆ ಪುದೀನ, ಕೊತ್ತಂಬರಿ, ದೊಡ್ಡಪತ್ರೆ, ಕನಕಾಂಬರ. ಬಸಳೆಯೂ ಬರುತ್ತದೆ, ಅರೆನೆರಳಿನಲ್ಲಿ ಅದರ ಎಲೆ ಇನ್ನೂ ಅಗಲ. ನೇರ ಬಿಸಿಲೇ ಇಲ್ಲ, ಬರೀ ಬೆಳಕು ಅನ್ನುವವರು ಕಂಗೆಡಬೇಕಿಲ್ಲ. ವೀಳ್ಯದೆಲೆ ಬಳ್ಳಿ, ಒಂದೆಲಗ, ಕೆಸು ಇವೆಲ್ಲ ನೆರಳಿಗೆ ಹೊಂದಿಕೊಳ್ಳುವ ಗಿಡಗಳೇ. ಒಂದೆಲಗ ಅಂದರೆ ನಮ್ಮ ತುಳುವರ ತಿಮರೆ. ಮಳೆಗಾಲದಲ್ಲಿ ಸ್ವಂತ ಬಾಲ್ಕನಿಯ ಕೆಸುವಿನ ಎಲೆಯಲ್ಲಿ ಪತ್ರೊಡೆ ಮಾಡಿದರೆ ಊರಿನ ನೆನಪು ಕಡಿಮೆಯಾದೀತೇ?

"ಮಲ್ಲಿಗೆ ಇಲ್ಲದ ಮನೆ ಎಂಥದ್ದು ಮಾರಾಯ್ರೆ?" ಅಂತ ಕೇಳುವವರಿದ್ದಾರೆ. ಅವರ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಹೂವಿಗೆ ಮಾಟುಂಗಾ ಸ್ಟೇಷನ್ ಬಳಿಯ ಹೂವಾಡಗಿತ್ತಿಯರು ಇದ್ದಾರಲ್ಲ. ಬಿಸಿಲಿಲ್ಲದ ಮೂಲೆಯಲ್ಲಿ ಗಿಡವೊಂದನ್ನು ವರ್ಷಗಟ್ಟಲೆ ಉಪವಾಸ ಕೆಡವಿ ಊರಿನ ಪ್ರೀತಿ ಅನ್ನುವುದನ್ನು ನಾನು ಒಪ್ಪಲಾರೆ.

ಇನ್ನೊಂದು ಮಾತು. ಈಗ ಎಲ್ಲೆಲ್ಲೂ ರೀಡೆವಲಪ್‌ಮೆಂಟ್. ನಾಲ್ಕು ಮಾಳಿಗೆಯ ಹಳೇ ಕಟ್ಟಡದ ಜಾಗದಲ್ಲಿ ಇಪ್ಪತ್ತು ಮಾಳಿಗೆಯ ಟವರ್ ಏಳುತ್ತದೆ. ಹತ್ತು ವರ್ಷ ಹೂಬಿಟ್ಟ ದಾಸವಾಳ ಒಂದೇ ವರ್ಷದಲ್ಲಿ ಮೊಗ್ಗು ನಿಲ್ಲಿಸಿದರೆ ಗಿಡವನ್ನು ಬೈಯಬೇಡಿ, ಕೀಟನಾಶಕ ಹೊಡೆಯಬೇಡಿ. ಎದುರಿಗೆ ಏನು ಎದ್ದಿದೆ ನೋಡಿ, ಲೆಕ್ಕ ಹೊಸದಾಗಿ ಹಾಕಿ. ಬಿಸಿಲಿರುವ ಟೆರೇಸ್ ಇದ್ದರೆ ಸೊಸೈಟಿಯವರನ್ನು ಕೇಳಿ ಕುಂಡ ಅಲ್ಲಿಗೆ ಸಾಗಿಸಿ, ಇಲ್ಲವಾದರೆ ಬಿಸಿಲಿರುವ ಮನೆಗೆ ಕೊಟ್ಟುಬಿಡಿ.

ಈ ಊರಿಗೆ ಬಂದ ನಾವೆಲ್ಲ ಸಿಕ್ಕ ಜಾಗದಲ್ಲಿ ಹೊಂದಿಕೊಂಡವರೇ. ಲೋಕಲ್ ಟ್ರೈನಿನ ನಾಲ್ಕನೇ ಸೀಟಿನಲ್ಲಿ ಕೂತು ಬದುಕಿದವರು. ನಾವು ಮನುಷ್ಯರು, ಹೊಂದಿಕೊಂಡೆವು. ಮಲ್ಲಿಗೆಗೆ ಆ ಅನುಕೂಲ ಇಲ್ಲ. ಅದಕ್ಕೆ ಬೇಕಾದ ಬಿಸಿಲು ನಮ್ಮಲ್ಲಿದೆಯೇ ಅಂತ ನೋಡಿ ತರುವುದು ನಮ್ಮ ಜವಾಬ್ದಾರಿ. ಏನಂತೀರಿ?